ಮಾರ್ತಾಂಡನ ಅನ್‌ಲಿಮಿಟೆಡ್ ರವಿವಾರ

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಮೊಬೈಲಿನಲ್ಲಿ ಇಂಟರ್ನೆಟ್ ಇದೆಯೆಂದು ಜನ ಹೆದರಿಕೊಂಡು ಬದುಕಿದ ಕಾಲವೂ ಒಂದಿತ್ತು. ಆಗಿನ ಫೋನುಗಳ ನಟ್ಟನಡುವೆ ಒಂದು ಗುಂಡಿ ಇರುತ್ತಿತ್ತು. ಯಾರದೋ ಹೆಸರು ಹುಡುಕಲು ಹೋದರೂ ಹೆಬ್ಬೆರಳು ಹೋಗಿ ಅದರ ಮೇಲೆಯೇ ಬೀಳುತ್ತಿತ್ತು. ಬಿತ್ತೆಂದರೆ ಪರದೆಯ ಮೇಲೆ ಪುಟ್ಟದೊಂದು ಭೂಗೋಳ ಗರಗರ ತಿರುಗುತ್ತಿತ್ತು, ಅದು ತಿರುಗಿದಷ್ಟೂ ಬ್ಯಾಲೆನ್ಸು ಕರಗುತ್ತಿತ್ತು. ಹೆಂಡತಿ ಮಕ್ಕಳ ಜೊತೆ ಒಂದು ಮಾತನ್ನೂ ಆಡದೆ, ಬರೀ ಹೆಬ್ಬೆರಳಿನ ತಪ್ಪಿಗೆ ತಿಂಗಳ ರೀಚಾರ್ಜು ಕಳೆದುಕೊಂಡವರು ಆಗ ಓಣಿಗೊಬ್ಬರಿದ್ದರು.

ಮರಾಠಿ ಸೀಮೆಯ ನಿಗಡಿಯಲ್ಲಿದ್ದ ಮಾರ್ತಾಂಡ ಆ ಗುಂಡಿಯ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿಯನ್ನು ಅಂಟಿಸಿಟ್ಟಿದ್ದ. ಊರು ಇಂಡಿ ತಾಲೂಕಿನ ಕಡೆ, ನೌಕರಿ ನಿಗಡಿಯ ಲಾರಿ ಕಂಪನಿಯೊಂದರಲ್ಲಿ ಗುಮಾಸ್ತಿಕೆ, ವಾಸ ಕನ್ನಡದವರೇ ಹೆಚ್ಚಿರುವ, ವಠಾರದಂಥ ಒಂದು ಚಾಳಿನ ಮೊದಲ ಮಹಡಿಯಲ್ಲಿ. ಆಗದವರು ಅವನನ್ನು ಜಿಪುಣ ಎನ್ನುತ್ತಿದ್ದರು. ಅವನ ಪ್ರಕಾರ ಅವನು ಹಿಡಿತದ ಮನುಷ್ಯ. ಫೋನು ಕೊಂಡಾಗಿನಿಂದ ಅವನು ಮಾತಾಡಿದ್ದು ಕಡಿಮೆ, ಮಿಸ್ಡ್ ಕಾಲ್ ಕೊಟ್ಟಿದ್ದೇ ಜಾಸ್ತಿ. ಆಫೀಸಿನ ಕೆಳಗಿನ ಚಹಾದಂಗಡಿಗೆ ಒಂದು ಕೊಟ್ಟರೆ ಸಾದಾ ಚಹಾ, ಎರಡು ಕೊಟ್ಟರೆ ಸ್ಪೆಷಲ್. ಊರಿಗೆ ಹೋಗಿ ಇಳಿದರೆ ಒಂದು, ಬಸ್ಸು ತಪ್ಪಿದರೆ ಎರಡು. ಹೀಗೆ ಬಾಯಿ ತೆರೆಯದೆ ಸಂಸಾರ ನಡೆಸುವ ವಿದ್ಯೆಯಲ್ಲಿ ಅವನು ಪಂಡಿತನಾಗಿದ್ದ. ಸಂಸಾರ ಒಂದು ಬಾಕಿ ಇತ್ತು.

ಅದಕ್ಕೂ ಯೋಗ ಕೂಡಿಬಂದಿತ್ತು. ಹಿಂದಿನ ರವಿವಾರ ಅವನು ಇಂದಾಪುರಕ್ಕೆ ಹೋಗಿ, ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿದ್ದ ಸಂಕಪ್ಪನವರ ಮಗಳು ವರದಾಳನ್ನು ನೋಡಿಕೊಂಡು ಬಂದಿದ್ದ. ಅವಲಕ್ಕಿಯ ತಾಟು ಇಡಲು ಬಂದವಳು ಟೀಪಾಯಿಯ ಮೇಲಿದ್ದ ಫೋನನ್ನು ನೋಡಿ, "ಪಾಪ, ಇದಕ್ಕೇನ್ ಪೆಟ್ಟಾಗೇದ್ರಿ?" ಎಂದು ಕೇಳಿದ್ದಳು. ಅದುವರೆಗೆ ನೋಡಿದ ಯಾವ ಹುಡುಗಿಯೂ ಮಾರ್ತಾಂಡನನ್ನು ಸಂಬಳ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ವರದಾ ಕೇಳಿದ ರೀತಿಗೆ, ಕೇಳಿ ನಗು ತಡೆಯಲು ಸೆರಗಿನ ತುದಿ ಕಚ್ಚಿಕೊಂಡ ರೀತಿಗೆ ಅವನು ಅಲ್ಲೇ ಸೋತುಹೋಗಿದ್ದ. ಮದುವೆಯಾದರೆ ಇವಳನ್ನೇ ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ.

ಹೊರಡುವಾಗ ಸಂಕಪ್ಪನವರು, "ಸೊಲ್ಲಾಪುರದ್ದೊಂದು ಸಂಬಂಧನೂ ನಡದದರಿ. ಮನ್ಯಾಗ ವಿಚಾರ ಮಾಡಿ ಬರೋ ರವಿವಾರ ಫೋನ್ ಮಾಡಿ ತಿಳಸ್ತೀವಿ" ಎಂದಿದ್ದರು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಹುಟ್ಟುಗುಣ ಬಿಡಬೇಕಲ್ಲ. "ಫೋನ್ ಮಾಡಿ ಸುಮ್ಮ ರೊಕ್ಕ ಯಾಕ ಹಾಳ್ ಮಾಡ್ತೀರ್ರಿ? ಒಪ್ಪಿಗಿ ಇದ್ರ ಒಂದ್ ಮಿಸ್ಡ್ ಕಾಲ್ ಕೊಡ್ರಿ. ಬ್ಯಾಡಂದ್ರ ಎರಡು" ಎಂದುಬಿಟ್ಟ ಮಾರ್ತಾಂಡ.

ಸಂಕಪ್ಪನವರ ಕಣ್ಣುಗಳು ಮಿನುಗಿದ್ದವು. "ಎಂಥಾ ಚಲೋ ವಿಚಾರರಿ ನಿಮ್ಮದು. ಈಗಿನ ಹುಡುಗ್ರಿಗೆ ಇಷ್ಟ್ ಎಲ್ಲಿ ತಿಳೀತದ?" ಎಂದು ಅವನ ಕೈ ಹಿಡಿದು ಕುಲುಕಿದ್ದರು. ಹಂಡೆಗೆ ತಕ್ಕ ಮುಚ್ಚಳ ಸಿಕ್ಕಂತಾಗಿತ್ತು ಇಬ್ಬರಿಗೂ.

ಈ ಸುದ್ದಿಯನ್ನು ಮಾರ್ತಾಂಡ ಚಾಳಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಾರಣ ಎದುರು ಮನೆಯ ನಾಗವ್ವ. ಜೋಳದ ರೊಟ್ಟಿ ಬಡಿದು ಮಾರುವ ನಾಗವ್ವನಿಗೆ ಅಕ್ಕಲಕೋಟೆಯಲ್ಲಿ ಅಕ್ಕನ ಮಗಳೊಬ್ಬಳಿದ್ದಳು. ಮಾರ್ತಾಂಡನಿಗೆ ಕೊಡುವ ಪ್ರತಿ ರೊಟ್ಟಿಯ ಜೊತೆಗೂ ಆ ಹುಡುಗಿಯ ಒಂದೊಂದು ಗುಣವನ್ನು ಆಕೆ ಬಡಿಸುತ್ತಿದ್ದಳು. ಇಂದಾಪುರದ ಮಾತು ಅವಳ ಕಿವಿಗೆ ಬಿದ್ದರೆ ರೊಟ್ಟಿ ನಿಲ್ಲುತ್ತದೆ, ಇಲ್ಲವೇ ಸಂಬಂಧ ನಿಲ್ಲುತ್ತದೆ.

ರವಿವಾರ ಬಂತು. ಸ್ನಾನಕ್ಕೆ ಹೋದಾಗ ಎಲ್ಲಿ ಕರೆ ಬಂದು ತಪ್ಪುತ್ತದೋ ಎಂದು ಮಾರ್ತಾಂಡ ಫೋನನ್ನೂ ಒಳಗೆ ಒಯ್ದು ಗೂಡಿನಲ್ಲಿಟ್ಟುಕೊಂಡ. ಹೊರಬಂದು ನೋಡಿದರೆ ಹಬೆಗೆ ನೆನೆದು ಪಟ್ಟಿ ಕಿತ್ತು ಬರುವಂತಾಗಿತ್ತು. ಹೊಸದು ಅಂಟಿಸೋಣವೆಂದು ಹಳೆಯದನ್ನು ಎಳೆದ. ಅವಸರಕ್ಕೆ ಹೆಬ್ಬೆರಳು ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು.

ಭೂಗೋಳ ತಿರುಗಿತು. ನಿಲ್ಲಿಸಲು ಹೋಗಿ ಮಾರ್ತಾಂಡ ಮೇಲಿನ ಗುಂಡಿ ಒತ್ತಿದ, ಕೆಳಗಿನದನ್ನು ಒತ್ತಿದ. ನಡುವೆ ಏನೋ ಒಂದು ಪ್ರಶ್ನೆ ಪರದೆಯ ಮೇಲೆ ಮೂಡಿತು. ಓದುವ ಪುರುಸೊತ್ತು ಎಲ್ಲಿ? ಅದನ್ನೂ ಒತ್ತಿದ. ಫೋನು ಒಮ್ಮೆ ನಡುಗಿ, ನಿಮಗೆ ಅಭಿನಂದನೆಗಳು ಎಂದಿತು. ಅಭಿನಂದನೆ ಎಂದಾಗಲೆಲ್ಲ ದುಡ್ಡು ಹೋಗಿರುತ್ತದೆ ಎನ್ನುವುದು ಅವನಿಗೆ ಅನುಭವದಿಂದ ಗೊತ್ತಿತ್ತು. ಪಕ್ಕದ ಕೋಣೆಯ ಮಿಥುನನ ಬಾಗಿಲು ಬಡಿದ.

ಮಿಥುನ ಮೈಸೂರಿನವನು, ಹಿಂಜೆವಾಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಹುಡುಗ. ಕಣ್ಣುಜ್ಜಿಕೊಳ್ಳುತ್ತ ಬಾಗಿಲಿಗೆ ಬಂದು ಫೋನು ನೋಡಿದ.

"ಒನ್ ಡೇ ಅನ್‌ಲಿಮಿಟೆಡ್ ಪ್ಯಾಕ್ ಆಕ್ಟಿವೇಟ್ ಆಗಿದೆ ಗುರು. ಇವತ್ತೆಲ್ಲಾ ಎಷ್ಟ್ ಬೇಕಾದ್ರೂ ಬ್ರೌಸ್ ಮಾಡ್ಬಹುದು."

"ನಾ ಎಲ್ಲಿ ಕೇಳಿದ್ದೆರಿ? ತಗೀರಿ ಅದನ್ನ."

"ತೆಗ್ಯೋಕಾಗಲ್ಲ. ದುಡ್ಡು ಆಗ್ಲೇ ಕಟ್ ಆಗೋಯ್ತು. ರಾತ್ರಿ ಹನ್ನೆರಡಕ್ಕೆ ತಾನಾಗೇ ಎಕ್ಸ್‌ಪೈರ್ ಆಗತ್ತೆ."

"ಅಲ್ಲೀತನಕ ಉಪಯೋಗ ಮಾಡ್ಲಿಲ್ಲಂದ್ರ?"

"ವೇಸ್ಟ್, ಅಷ್ಟೆ."

ಆ ಚಾಳಿನಲ್ಲಿ ಬೆಂಕಿ ಎಂದು ಕೂಗಿದ್ದರೂ ಜನ ಅಷ್ಟು ಬೇಗ ಬರುತ್ತಿರಲಿಲ್ಲ. ನಾಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನ್ ವೇಸ್ಟ್ ಆಗ್ಲಿಕತ್ತದ?"

ಮಾರ್ತಾಂಡ ಕಣ್ಸನ್ನೆ ಮಾಡುವುದರೊಳಗೆ ಮಿಥುನ ಎಲ್ಲವನ್ನೂ ವಿವರಿಸಿಬಿಟ್ಟ.

"ಅಯ್ಯ ಶಿವನೇ, ಇಡೀ ದಿನದ ಇಂಟರ್ನೆಟ್ಟು ಹಾಳ್ ಮಾಡ್ತೀಯೇನೋ ಮಾರ್ತಾಂಡ? ತಾಟಿನಾಗಿನ ಅನ್ನ ಚೆಲ್ಲಿದ್ಹಂಗ ಅದು. ಮದ್ಲ ನನಗ ಎಲ್ಲಮ್ಮನ ದರ್ಶನ ಮಾಡ್ಸು. ಗುಡ್ಡಕ್ಕ ಹೋಗದ ಭಾಳ ವರ್ಷ ಆತು."

"ನಾಗಕ್ಕಾ, ನನಗೊಂದು ಅರ್ಜೆಂಟ್ ಫೋನ್ ಬರೋದದ."

"ರವಿವಾರ ಯಾರ ಫೋನ್?"

"ಆಫೀಸಿಂದು" ಎಂದ ಮಾರ್ತಾಂಡ.

"ಬಂದ್ರ ಬರ್ಲಿ, ಕೊಡ್ತೀನಿ. ನಿನ್ನ ಫೋನ್ ನಾ ನುಂಗ್ತೀನೇನು?"

ಮಿಥುನ ಏನೋ ಒತ್ತಿ ದೇವಿಯ ಪಟ ಹುಡುಕಿಕೊಟ್ಟ. ಆಗಿನ ಇಂಟರ್ನೆಟ್ಟಿನಲ್ಲಿ ದೇವರು ಒಮ್ಮೆಲೇ ಪ್ರತ್ಯಕ್ಷವಾಗುತ್ತಿರಲಿಲ್ಲ. ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿದು ಬರಬೇಕಿತ್ತು. ಮೊದಲು ಕಿರೀಟದ ತುದಿ ಬಂತು. ನಾಗವ್ವ ಕೈ ತೊಳೆದು ಕರ್ಪೂರ ತಂದಳು. ಹಣೆಯ ಭಂಡಾರ ಬರುವುದರೊಳಗೆ ಅಕ್ಕಪಕ್ಕದ ಹೆಂಗಸರೆಲ್ಲ ಸೆರಗು ಹೊದ್ದು ನಿಂತರು. ಮೂಗುತಿ ಕಾಣಿಸಿದ್ದೇ ಆರತಿ ಹಚ್ಚಿದರು. ಅಷ್ಟರಲ್ಲಿ ಸಂಪರ್ಕ ಕಡಿದು ಪರದೆ ಬೆಳ್ಳಗಾಯಿತು.

"ಅರ್ಧಾ ದರ್ಶನ ಮನಿಗೆ ಚಲೋ ಅಲ್ಲ. ಮತ್ತೊಮ್ಮೆ ತಗೀರಿ" ಎಂದಳು ನಾಗವ್ವ. ಮತ್ತೊಮ್ಮೆ ಕಿರೀಟದಿಂದ ಶುರುವಾಯಿತು.

ಅಲ್ಲಿಂದ ಮುಂದೆ ರೇಷನ್ ಸೀಮೆಎಣ್ಣೆಗೆ ನಿಂತಂತೆ ಸರದಿ ಹತ್ತಿತು. ಒಬ್ಬರಿಗೆ ಮಗಳ ಜಾತಕ ಕೂಡಿಸುವುದಿತ್ತು, ಇನ್ನೊಬ್ಬರಿಗೆ ಉಳ್ಳಾಗಡ್ಡಿಯ ಪೇಟೆ ಧಾರಣೆ ಬೇಕಿತ್ತು, ಮೇಲಿನ ಮಹಡಿಯವರಿಗೆ ಅಮೆರಿಕದಲ್ಲಿ ಈಗ ಎಷ್ಟು ಗಂಟೆ ಎಂದು ಸುಮ್ಮನೆ ತಿಳಿಯಬೇಕಿತ್ತು. ಯಾರಿಗೂ ನಿನ್ನೆಯವರೆಗೆ ಇಂಟರ್ನೆಟ್ಟಿನ ಅಗತ್ಯವಿರಲಿಲ್ಲ. ಆದರೆ ಹಾಳಾಗುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಉಳಿಸುವುದು ಎಲ್ಲರ ಧರ್ಮವಾಯಿತು. ಫೋನಿನ ಯಜಮಾನ ಮಾತ್ರ ಸರದಿಯ ಕೊನೆಯಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದ. ರಿಂಗು ಕೇಳಿಸದಿರುವುದಕ್ಕೆ ಅವನು, ಇನ್ನೂ ವಿಚಾರ ಮಾಡುತ್ತಿರಬೇಕು ಎಂದು ಸಮಾಧಾನ ಹೇಳಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಶಿವಪ್ಪನವರ ಸರದಿ ಬಂತು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿ ನಿವೃತ್ತರಾದ ಶಿವಪ್ಪನವರಿಗೆ ಪಿಂಚಣಿಯ ಹೊಸ ಸುತ್ತೋಲೆ ಓದಬೇಕಿತ್ತು. ಚಾಳಿನೊಳಗೆ ಸಿಗ್ನಲ್ ಸಾಲದೆಂದು ಅವರು ಫೋನು ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಹೋದವರು ಬರಲಿಲ್ಲ.

ಮಾರ್ತಾಂಡ ಮಹಡಿಯ ಕಟಾಂಜನ ಹಿಡಿದು ಚಡಪಡಿಸುವುದನ್ನು ನೋಡಿ ಮಿಥುನನಿಗೆ ಕನಿಕರ ಬಂತು. "ಯಾವ್ ಕಾಲ್ ಗುರು ಅಷ್ಟು ಇಂಪಾರ್ಟೆಂಟು? ನೆಟ್ ಓಡ್ತಿರೋವಾಗ ನಿಮ್ ಫೋನಿಗೆ ಕಾಲ್ ಬರಲ್ವಲ್ಲ."

"ಬರಲ್ಲ ಅಂದ್ರ?"

"ಈ ಫೋನಲ್ಲಿ ಒಂದ್ ಟೈಮಿಗೆ ಒಂದೇ. ನೆಟ್ ಯೂಸ್ ಆಗ್ತಿದ್ರೆ ಕಾಲ್ ಮಾಡ್ದೋರಿಗೆ ನಾಟ್ ರೀಚಬಲ್ ಅನ್ನತ್ತೆ. ಗೊತ್ತಿರ್ಲಿಲ್ವಾ?"

ಗೊತ್ತಿದ್ದರೆ ಎಲ್ಲಮ್ಮನಿಗೆ ಕೈಮುಗಿದು ಅಲ್ಲೇ ತಪ್ಪು ಕೇಳಿಕೊಂಡು ಫೋನು ಕಸಿಯುತ್ತಿದ್ದ. ಮಾರ್ತಾಂಡ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದ. ಒಂದು ಅವನದು, ಇನ್ನೊಂದು ನಾಗವ್ವನದು. ಪಾನಿನ ಅಂಗಡಿಯವನು ತಿರುವಿನ ಕಡೆ ಕೈ ಮಾಡಿದ. ತಿರುವಿನಲ್ಲಿ ಹೇರ್ ಕಟಿಂಗ್ ಸಲೂನು. ಒಳಗೆ ಶಿವಪ್ಪನವರು ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡು, ತೋಳಷ್ಟು ದೂರ ಫೋನು ಹಿಡಿದು ಕೂತಿದ್ದರು. ಹಜಾಮ ಕತ್ತಿ ಎತ್ತಿಕೊಂಡು ಅವರ ಹೆಗಲ ಮೇಲಿಂದ ತಾನೂ ಓದುತ್ತಿದ್ದ.

"ಮಾಮಾರ, ಫೋನ್ ಕೊಡ್ರಿ."

"ತಡಿಯಪಾ, ಕೊನೀ ಪೇಜು ಬರ್ಲಿಕತ್ತದ. ಕುಟುಂಬ ಪಿಂಚಣಿ ಅದರಾಗs ಅದ."

ಹಿರಿಯರೆನ್ನುವುದನ್ನೂ ಮರೆತು ಮಾರ್ತಾಂಡ ಫೋನು ಕಸಿದು ಬ್ಯಾಟರಿಯನ್ನೇ ಕಿತ್ತ. ಒಂದು ಗಳಿಗೆ ಬಿಟ್ಟು ಮತ್ತೆ ಹಾಕಿ ಚಾಲೂ ಮಾಡಿದ. ಪರದೆ ಬೆಳಗಿತು, ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಎದ್ದು ನಿಂತವು. ಕೈಯಲ್ಲೇ ಫೋನು ರಿಂಗಾಯಿತು. ಸಂಕಪ್ಪ ಇಂದಾಪುರ. ಒಮ್ಮೆ ಬಾರಿಸಿ ಕಟ್ ಆಯಿತು.

ಮಾರ್ತಾಂಡ ಪರದೆಯಿಂದ ಕಣ್ಣು ಕೀಳಲಿಲ್ಲ. ಅವನ ಮುಖ ನೋಡಿ ಹಜಾಮನೂ ಕತ್ತಿ ಕೆಳಗಿಳಿಸಲಿಲ್ಲ. ಎರಡನೆಯದು ಬರಲಿಲ್ಲ. ಆಮೇಲೂ ಬರಲಿಲ್ಲ.

"ಒಪ್ಯಾರ್ರಿ ಮಾಮಾರ" ಎಂದ ಮಾರ್ತಾಂಡ. ಶಿವಪ್ಪನವರನ್ನು ನೊರೆಯ ಸಮೇತ ತಬ್ಬಿಕೊಂಡು ಇಂದಾಪುರದ ಕತೆಯನ್ನೆಲ್ಲ ಹೇಳಿಬಿಟ್ಟ. ಹಜಾಮ, "ಅಭಿನಂದನ್ ಸಾಹೇಬ, ಪೇಢೆ ಪಾಯಜೇತ" ಎಂದು ಮರಾಠಿಯಲ್ಲಿ ಪೇಢೆಯ ಹಕ್ಕು ಹೂಡಿದ.

ಪೇಢೆ ಬಂತು. ಇಷ್ಟು ವರ್ಷದಲ್ಲಿ ಯಾರಿಗೂ ಒಂದು ಕಪ್ಪು ಚಹಾ ಕುಡಿಸದ ಮಾರ್ತಾಂಡ ಡಬ್ಬಿ ಹಿಡಿದು ಬಾಗಿಲು ಬಾಗಿಲಿಗೆ ಹೋಗುವುದನ್ನು ಚಾಳಿಗೆ ಚಾಳೇ ನಿಂತು ನೋಡಿತು. ನಾಗವ್ವ ಮಾತ್ರ ಮುಖ ಊದಿಸಿಕೊಂಡಳು. "ನಮ್ಮಕ್ಕನ ಮಗಳ ಸುದ್ದಿ ತಗದಾಗೊಮ್ಮೆ ರೊಟ್ಟಿ ಗಟ್ಟಿ ಆಗ್ಯಾವ ಅಂತ ಮಾತ್ ತಿರಗಸ್ತಿದ್ದಿ. ಈಗ ತಿಳೀತು" ಎಂದಳು. ಎಂದು ಎರಡು ಪೇಢೆ ತಿಂದಳು.

ಆಗ ಫೋನು ಕಿಣಿ ಎಂದಿತು. ಮಿಥುನ ಓದಿದ. "ನಿಮ್ ಫೋನ್ ನಾಟ್ ರೀಚಬಲ್ ಇದ್ದಾಗ ಈ ನಂಬರಿಂದ ಒಂದ್ ಕಾಲ್ ಬಂದಿತ್ತಂತೆ. ಸಂಕಪ್ಪ ಇಂದಾಪುರ."

ಪೇಢೆ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು.

"ಅಂದ್ರೆ ಮೊದ್ಲೊಂದು ಬಂದಿದೆ. ಸಲೂನಲ್ಲೊಂದು. ಒಟ್ಟು ಎರಡು" ಎಂದ ಮಿಥುನ, ಲೆಕ್ಕದಲ್ಲಿ ಯಾವಾಗಲೂ ಚುರುಕು.

ಮಾರ್ತಾಂಡ ಮೆಟ್ಟಿಲ ಮೇಲೆ ಕುಸಿದು ಕೂತ. ಚಾಳಿನಲ್ಲಿ ಪಂಚಾಯಿತಿ ಸೇರಿತು.

ಅರ್ಧ ಗಡ್ಡದ ಶಿವಪ್ಪನವರು ಅವನ ಪರ ವಾದ ಹೂಡಿದರು. "ಬಾಗಲಾ ಬಡದ್ರು, ಕೇಳ್ಸಲಿಲ್ಲ. ಮತ್ತೊಮ್ಮಿ ಬಡದ್ರು. ಅದು ಒಂದs ಕರಿಯೋದು. ಮುಟ್ಟಲಾರದ್ದು ಲೆಕ್ಕಕ್ಕ ಹಿಡಿಯೂದಿಲ್ಲ."

"ಬಡದವ್ರ ಕೈ ಎರಡ್ ಸಲ ನೊಂದಿರ್ತದಲ್ರಿ? ಅವ್ರ ಲೆಕ್ಕದಾಗ ಎರಡs" ಎಂದಳು ನಾಗವ್ವ, ಅಷ್ಟೇನೂ ದುಃಖವಿಲ್ಲದೆ.

"ಸುಮ್ನೆ ಕಾಲ್ ಮಾಡಿ ಕೇಳ್ಬಿಡಿ ಗುರು. ನಿಮ್ಮಲ್ಲಿ ಬ್ಯಾಲೆನ್ಸ್ ಇಲ್ದಿದ್ರೆ ನಂದು ಪೋಸ್ಟ್‌ಪೇಯ್ಡ್ ಇದೆ, ತಗೊಳ್ಳಿ" ಎಂದು ಮಿಥುನ ತನ್ನ ಫೋನು ಚಾಚಿದ.

ಮಾರ್ತಾಂಡ ಕೈ ಚಾಚಿ ಮತ್ತೆ ಹಿಂದೆಳೆದುಕೊಂಡ. "ಏನಂತ ಕೇಳ್ಲಿ? ನೀವು ಹೂಂ ಅಂದ್ರೋ ಊಹೂಂ ಅಂದ್ರೋ ಅಂತ? ಒಮ್ಮೆ ಬ್ಯಾಡಂದವ್ರ ಕಡಿಂದ ಬಾಯಿಲೆ ಮತ್ತೊಮ್ಮೆ ಬ್ಯಾಡ ಅನಸ್ಕೋಬೇಕೇನು?" ವರದಾಳ ಮನೆಯವರ ಬಾಯಿಂದ ಆ ಮಾತು ಕೇಳುವ ಧೈರ್ಯ ನಿಜಕ್ಕೂ ಅವನಿಗೆ ಇರಲಿಲ್ಲ.

ಸ್ವಲ್ಪ ಹೊತ್ತು ತಲೆ ಹಿಡಿದು ಕೂತವನಿಗೆ ತನ್ನ ಹಳೆಯ ವಿದ್ಯೆ ನೆನಪಾಯಿತು. ಮುಖ ಅರಳಿತು. ಪ್ಯಾಕು ನುಂಗಿ ಉಳಿದ ಬ್ಯಾಲೆನ್ಸು ಮಾತಾಡಲು ಸಾಲದು, ಮಿಸ್ಡ್ ಕಾಲಿಗೆ ಧಾರಾಳ ಸಾಕು. "ನಾವs ಒಂದ್ ಮಿಸ್ಡ್ ಕಾಲ್ ಕೊಡೂಣು. ನೋಡಿ ಅವ್ರs ಫೋನ್ ಮಾಡ್ತಾರ. ಅವ್ರs ಮಾತ್ ತಗೀತಾರ. ನಾವ್ ಕೇಳಿದ್ಹಂಗೂ ಆಗೂದಿಲ್ಲ."

"ಹುಡುಗ ಶ್ಯಾಣ್ಯಾ" ಎಂದರು ಶಿವಪ್ಪನವರು. ನಾಗವ್ವನೂ ಹೌದೆಂದಳು. ಪೋಸ್ಟ್‌ಪೇಯ್ಡ್ ಹುಡುಗ ಒಬ್ಬನೇ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ.

ಮಾರ್ತಾಂಡ ಕೊಟ್ಟ. ಒಂದು ರಿಂಗು, ಕಟ್. ಎಲ್ಲರೂ ಫೋನಿನ ಸುತ್ತ ಕೂತರು. ನಾಗವ್ವ ಚಹಾ ಮಾಡಿ ತಂದಳು, ಕುಡಿದದ್ದೂ ಆಯಿತು. ಇಂದಾಪುರದಿಂದ ಸದ್ದಿಲ್ಲ.

"ನೋಡಿರ್ಲಿಕ್ಕಿಲ್ಲ. ಇನ್ನೊಂದ್ ಕೊಡು" ಎಂದರು ಶಿವಪ್ಪನವರು.

ಇನ್ನೊಂದು ಕೊಟ್ಟ. ಈ ಸಲ ಬಹಳ ಕಾಯುವ ಕೆಲಸ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಫೋನು ಬಾರಿಸಿತು, ನಿಲ್ಲದೆ ಬಾರಿಸಿತು. ಮಾರ್ತಾಂಡ ಎತ್ತಿದ. ನಾಗವ್ವ ಕೈ ಹಾಕಿ ಸ್ಪೀಕರ್ ಒತ್ತಿದಳು.

"ಮಾರ್ತಾಂಡ ಅವರೇನ್ರಿ? ನಾ ಸಂಕಪ್ಪ, ಇಂದಾಪುರದಿಂದ. ಮಧ್ಯಾಹ್ನ ನಾವು ಒಪ್ಪಿಗಿ ತಿಳಿಸಿದ್ವಿ. ಮದ್ಲ ಮಾಡಿದಾಗ ಸಂಪರ್ಕದಾಗಿಲ್ಲ ಅಂದ್ಲು ಫೋನಿನಾಗಿನ ಹೆಣ್ಮಗಳು, ಅದಕ್ಕ ಮತ್ತೊಮ್ಮೆ ಕೊಟ್ವಿ. ಮುಟ್ಟಿತಲ್ಲ?"

"ಮುಟ್ಟಿತ್ರಿ, ಮುಟ್ಟಿತ್ರಿ" ಎಂದ ಮಾರ್ತಾಂಡ. ಶಿವಪ್ಪನವರು ನಾಗವ್ವನ ಕಡೆ ನೋಡಿ ಮೀಸೆ ತಿರುವಿದರು.

"ಆಮ್ಯಾಲ ನಿಮ್ಮದೂ ಒಂದ್ ಬಂತು. ಹುಡುಗನ ಕಡಿಂದನೂ ಒಪ್ಪಿಗಿ ಬಂತು ಅಂತ ಮನಿಮಂದಿಗೆಲ್ಲ ಸಕ್ಕರಿ ಹಂಚಿದ್ವಿ. ಅದರ ಬೆನ್ನಿಗೇ ನಿಮ್ಮ ಎರಡನೇದು ಬಂತು." ಸಂಕಪ್ಪನವರು ಒಂದು ಉಸಿರು ತೆಗೆದುಕೊಂಡರು. "ಒಂದಂದ್ರ ಹೂಂ, ಎರಡಂದ್ರ ಬ್ಯಾಡ. ಕರಾರು ನಿಮ್ಮದs. ಬ್ಯಾಸರಿಲ್ರಿ. ಮನಸಿನಾಗ ಇಟ್ಕೊಳ್ಳಾರದ ನೇರ ತಿಳಿಸಿದ್ರಿ, ಅದು ದೊಡ್ಡಸ್ತನ."

"ಹಂಗಲ್ರಿ, ಆ ಎರಡನೇದು..."

"ಸೊಲ್ಲಾಪುರದವ್ರು ಕಾಯ್ಕೋತ ಕುಂತಿದ್ರು. ಈಗs ಅವ್ರಿಗೆ ಮಾತು ಕೊಟ್ಟು, ನಿಮಗೂ ಹೇಳೂಣು ಅಂತ ಮಾಡಿದೆ. ತಡೀರಿ, ವರದಾ ಏನೋ ಅನ್ಲಿಕತ್ತಾಳ." ಅತ್ತ ಕಡೆ ಏನೋ ಪಿಸುಮಾತು. "ಯಾಕ ಬ್ಯಾಡಂದ್ರು ಕೇಳು ಅಂತಾಳ. ಇನ್ನ ಕೇಳಿ ಏನ್ ಮಾಡೂದದ ಬಿಡ್ರಿ, ಮಾತು ಕೊಟ್ಟಾಗೇದ. ನಿಮಿಷ ತುಂಬ್ಲಿಕ್ಕ ಬಂತು, ಇಡ್ತೀನ್ರಿ."

ಎರಡನೆಯ ನಿಮಿಷ ಹುಟ್ಟುವ ಮೊದಲೇ ಫೋನು ಕಟ್ ಆಯಿತು. ನಾಗವ್ವನಿಗೂ ಅಕ್ಕನ ಮಗಳು ನೆನಪಾಗಲಿಲ್ಲ. ವರದಾ ಯಾಕೆಂದು ಕೇಳಿದ್ದಳು. ತನ್ನನ್ನು ಬೇಕೆಂದಿದ್ದ ಹುಡುಗಿ ಅತ್ತ ಕೂತು ತಾನು ಬೇಡವಾದೆನೆಂದು ನೊಂದುಕೊಳ್ಳುತ್ತಿದ್ದಾಳೆ ಎಂಬ ಯೋಚನೆಯನ್ನು ಮಾರ್ತಾಂಡನಿಂದ ತಡೆಯಲಾಗಲಿಲ್ಲ.

ಅವನು ಎದ್ದು ಮಿಥುನನ ಕೈಯಿಂದ ಪೋಸ್ಟ್‌ಪೇಯ್ಡ್ ಫೋನನ್ನು ಕಸಿದುಕೊಂಡ. ಇಂದಾಪುರದ ನಂಬರು ಒತ್ತಿ ಕಿವಿಗೆ ಹಿಡಿದ. ಜೀವಮಾನದಲ್ಲಿ ಮೊದಲ ಸಲ, ಕಟ್ ಮಾಡದೆ, ಪೂರ್ತಿ ಬಾರಿಸಲು ಬಿಟ್ಟ. ಬಾರಿಸಿ ಬಾರಿಸಿ ತಾನಾಗಿಯೇ ನಿಂತಿತು. ಮತ್ತೆ ಒತ್ತಿದ, ಮತ್ತೆ ಹಾಗೆಯೇ ನಿಂತಿತು. ಮೂರನೆಯದಕ್ಕೂ ಯಾರೂ ಎತ್ತಲಿಲ್ಲ.

ಸಂಕಪ್ಪನವರು ಎತ್ತುವವರೂ ಅಲ್ಲ. ಗುರುತಿಲ್ಲದ ನಂಬರಿನಿಂದ ರಿಂಗಾದರೆ ಅದು ಯಾರದೋ ಮಿಸ್ಡ್ ಕಾಲೇ ಇದ್ದೀತು, ಎತ್ತಿ ಪಾಪ ಅವರ ದುಡ್ಡು ಯಾಕೆ ಕಳೆಯಬೇಕು ಎನ್ನುವ ಸಂಭಾವಿತರು ಅವರು. ಮಾರ್ತಾಂಡನಾಗಿದ್ದರೂ ಎತ್ತುತ್ತಿರಲಿಲ್ಲ. ಮೂರು ಮಿಸ್ಡ್ ಕಾಲಿಗೆ ಏನರ್ಥವೆಂದು ಅವರಿಬ್ಬರೂ ಮಾತಾಡಿಕೊಂಡಿರಲಿಲ್ಲ.